ಶಿರಸಿಯ ಒಂದು ರಿಪೇರಿ ಅಂಗಡಿ, ನನ್ನ ಮಾತಾಡೋ ಡಬ್ಬಿ, 5ಕ್ಕೆ 4 ಸ್ಟಾರ್

ಮೊದಲೇ ಹೇಳಿಬಿಡ್ತೀನಿ, ಅಂಗಡಿ ಹೆಸರು ಹಾಕಲ್ಲ. ಬೋರ್ಡ್ ಮೇಲೆ ಎಂತ ಬರ್ದಿದೆ ಅಂತ ನಂಗೆ ಗೊತ್ತಿಲ್ಲ, ಹುಟ್ಟಿದಾಗಿಂದ ಕಣ್ಣು ಕಾಣದ ನಾನು ಬೋರ್ಡ್ ಓದಿ ಯಾವ ಅಂಗಡಿಗೂ ಹೋದವನಲ್ಲ. ಆಮೇಲೆ ಅಂಗಡಿ ಹುಡುಗನೇ ಬೇಡ ಅಂದ. "ಹೆಸರು ಹಾಕಿದ್ರೆ ತಾಲೂಕಲ್ಲಿರೋ ಹಳೇ ಡಬ್ಬಿ ಎಲ್ಲ ನನ್ ಟೇಬಲ್ಲಿಗೇ ಬರ್ತಾವೆ ಅಣ್ಣಾ, ನಂಗೆ ಮೊಬೈಲ್ ಡಿಸ್ಪ್ಲೇ ಹಾಕಿದ್ರೇನೇ ಊಟ." ಬೇಕಾದವರಿಗೆ ದಾರಿ ಹೇಳ್ತೀನಿ, ಆದ್ರೆ ನಾನು ಹೋಗೋ ದಾರಿ. ದೇವಿಕೆರೆ ಹತ್ರ ಇಳೀರಿ, ಬೇಕರಿ ವಾಸನೆ ಬಲಗಡೆ ಬರೋ ಹಾಗೆ ನಡೀರಿ, ಪಂಕ್ಚರ್ ಅಂಗಡಿ ಕಂಪ್ರೆಸರ್ ಸದ್ದು ಹಿಂದೆ ಬಿದ್ದ ಮೇಲೆ ಸಾಲ್ಡರಿಂಗ್ ಹೊಗೆ ಮೂಗಿಗೆ ಬಡಿದ್ರೆ ಅದೇ. ಮೂರು ಮೆಟ್ಟಿಲು, ಹಿಡ್ಕೊಳ್ಳೋಕೆ ಎಂತದೂ ಇಲ್ಲ, ಮೂರನೇದು ಮೊದಲಿನ ಎರಡಕ್ಕಿಂತ ಎತ್ತರ. ಅರ್ಧ ಸ್ಟಾರ್ ಅಲ್ಲೇ ಎಡವಿ ಬಿತ್ತು.

ನಾನು ರಿಪೇರಿಗೆ ಒಯ್ದಿದ್ದು 486 ಕಂಪ್ಯೂಟರ್. 1994ರಲ್ಲಿ ತಗೊಂಡಿದ್ದು, 66 ಮೆಗಾಹರ್ಟ್ಸ್, 4 ಎಂಬಿ ರ‍್ಯಾಮ್, 340 ಎಂಬಿ ಹಾರ್ಡ್ ಡಿಸ್ಕ್. ಗಿಗಾಬೈಟ್ ಅಲ್ಲ, ಎಂಬಿ, ಸರಿಯಾಗೇ ಓದಿದ್ರಿ. ಅದರ ಜೊತೆ ಹಿಂದಗಡೆ ಸೀರಿಯಲ್ ಪೋರ್ಟಿಗೆ ಸಿಗಿಸೋ, ಅಕ್ಷರನ ದನಿ ಮಾಡಿ ಓದೋ ಒಂದು ಸ್ಪೀಚ್ ಸಿಂಥಸೈಜರ್, ಅಮೆರಿಕದಲ್ಲಿದ್ದ ದೊಡ್ಡಪ್ಪನ ಮಗ ಸೂಟ್‌ಕೇಸಲ್ಲಿ ಬಟ್ಟೆ ಮಧ್ಯೆ ಸುತ್ಕೊಂಡು ತಂದಿದ್ದು. ನಮ್ಮನೇಲಿ ಅದಕ್ಕೆ ಮಾತಾಡೋ ಡಬ್ಬಿ ಅಂತಲೇ ಹೆಸರು. ಮೊದಲನೇ ದಿನ ಅದು ಮೂಗಲ್ಲಿ ಇಂಗ್ಲಿಷ್ ಮಾತಾಡಿದ್ದು ಕೇಳಿ ಆಯಿ ಒಳಗಿಂದ ಬಂದು "ಇದಕ್ಕೆ ಥಂಡಿ ಆಜನ ತಮಾ, ಕಷಾಯ ಮಾಡವ?" ಅಂದಿದ್ಳು. ಆಮೇಲಾಮೇಲೆ ರಾತ್ರಿ ಹನ್ನೊಂದಕ್ಕೆ ಡಬ್ಬಿ ಸದ್ದು ಕೇಳದಿದ್ರೆ ಅವಳಿಗೇ ನಿದ್ದೆ ಬರ್ತಿರಲಿಲ್ಲ.

2003ರಿಂದ ಇದೆಲ್ಲ ಮೆತ್ತಿ ಮೇಲೆ ಅಡಿಕೆ ಚೀಲದ ಪಕ್ಕ ಕಂಬಳಿ ಹೊದ್ದು ಮಲಗಿತ್ತು. ನಮ್ಮ ಕಡೆ ಮಳೆಗಾಲ ಅಂದ್ರೆ ಗೊತ್ತಲ್ಲ, ಚಪ್ಪಲಿಗೂ ಬೂಸ್ಟು ಬರ್ತದೆ, ಇನ್ನು ಮದರ್‌ಬೋರ್ಡ್ ಉಳಿಯೋದುಂಟಾ ಅಂತ ನಾನೇ ಆಸೆ ಬಿಟ್ಟಿದ್ದೆ. ಹೋದ ವರ್ಷ ಮನೆ ಹಂಚು ತೆಗೆಸುವಾಗ ಕೆಳಗಿಳಿಸಿದ್ರು, ಕೈ ಇಟ್ಟು ನೋಡಿದೆ, ಪವರ್ ಬಟನ್ ಇನ್ನೂ ಅದೇ ಟಕ್ ಅಂತ ಒಳಗೆ ಹೋಗ್ತು. ಆ ಟಕ್ ಕೇಳಿದ ಮೇಲೆ ಗುಜರಿಗೆ ಹಾಕೋಕೆ ಮನಸ್ಸು ಬರಲಿಲ್ಲ ಮಾರಾಯ್ರೆ.

ಮೊದಲು ಹುಬ್ಬಳ್ಳಿಯ ಒಂದು ಅಂಗಡಿಗೆ ಹೋದದ್ದು. ಅಲ್ಲಿಯವರು ಯಂತ್ರ ಬಿಚ್ಚಲೂ ಇಲ್ಲ, ನನ್ನ ಹತ್ರ ಮಾತಾಡಲೂ ಇಲ್ಲ, ಜೊತೆಗೆ ಬಂದ ಅಕ್ಕನ ಮಗನಿಗೆ ಹೇಳಿದ್ರು, "ಗುಜರಿಗೆ ಹಾಕ್ರಿ, ಕೆಜಿ ಲೆಕ್ಕದಾಗ ರೊಕ್ಕಾ ಕೊಡ್ತಾರ, ಇವರಿಗೆ ಕಂಪ್ಯೂಟರ್ ತಗೊಂಡು ಏನ್ ಆಗಬೇಕೈತಿ?" ಇವರಿಗೆ ಅಂದ್ರೆ ನನಗೆ. ನಾನು ಅಲ್ಲೇ ಎದುರಿಗೇ ಕೂತಿದ್ದೆ. 1994ರಿಂದ ಸಿ ಭಾಷೇಲಿ ಪ್ರೋಗ್ರಾಂ ಬರೀತಿದ್ದೀನಿ ಅಂತ ಹೇಳೋಕೆ ಬಾಯಿಗೆ ಬಂತು, ಬಿಟ್ಟೆ. ಶಿರಸಿ ಹುಡುಗ ಮಾತ್ರ ಮೊದಲ ಮಾತಿಗೇ ನನ್ನ ಹತ್ರವೇ "ಅಣ್ಣಾ ಇದು ಯಾವ ಕಾಲದ್ದು, ಇದ್ರಲ್ಲಿ ಎಂತ ಮಾಡ್ತಿದ್ರಿ?" ಅಂತ ಕೇಳ್ದ. ಯಂತ್ರ ಬಿಚ್ಚಿದ ಮೇಲೆ ನನ್ನ ಕೈ ಹಿಡಿದು "ಇದು ಪವರ್ ಸಪ್ಲೈ, ಇಲ್ಲಿ ನೋಡಿ ಕುಂಬಾರ ಹುಳ ಗೂಡು ಕಟ್ಟಿದೆ" ಅಂತ ಬೆರಳಿಗೇ ತೋರಿಸ್ದ. ಫ್ಯಾನ್ ಒಳಗೆ ಗಟ್ಟಿ ಮಣ್ಣಿನ ಗೂಡು. ನಾಲ್ಕು ಸ್ಟಾರಲ್ಲಿ ಎರಡು ಇದಕ್ಕೇ.

ಈಗ ಅವನು ಕೇಳಿದ ಪ್ರಶ್ನೆಗೆ ಬರ್ತೀನಿ, ಇದ್ರಲ್ಲಿ ಎಂತ ಮಾಡ್ತಿದ್ದೆ ಅಂತ. ಈಗಿನವರಿಗೆ ಕುರುಡರು ಕಂಪ್ಯೂಟರ್ ಬಳಸೋದು ಅಂದ್ರೆ ಮೊಬೈಲ್ ಮಾತಾಡೋದು ನೆನಪಾಗ್ತದೆ. ಆಗಿನ ಮಜಾನೇ ಬೇರೆ ಇತ್ತು. ವಿಂಡೋಸಿಗೂ ಮುಂಚಿನ ಡಾಸ್ ಕಾಲದಲ್ಲಿ ಪರದೆ ಅಂದ್ರೆ ಚಿತ್ರ ಅಲ್ಲ, ಬರೀ ಅಕ್ಷರ, ಅಡ್ಡಕ್ಕೆ 80, ಉದ್ದಕ್ಕೆ 25 ಸಾಲು, ಒಟ್ಟು 2000 ಅಕ್ಷರ. ಒಂದೊಂದು ಅಕ್ಷರಕ್ಕೂ ಮೆಮೊರೀಲಿ ಎರಡು ಬೈಟ್, ಒಂದು ಅಕ್ಷರದ್ದು ಇನ್ನೊಂದು ಬಣ್ಣದ್ದು, ಅಂದ್ರೆ 4000 ಬೈಟಲ್ಲಿ ಇಡೀ ಪರದೆ ಮುಗೀತು. ಪರದೆ ಓದಿ ಹೇಳೋ ಪ್ರೋಗ್ರಾಂ, ಅಂದ್ರೆ ಸ್ಕ್ರೀನ್ ರೀಡರ್, ಆ ಜಾಗಕ್ಕೇ ಕೈ ಹಾಕಿ ಅಕ್ಷರ ತಗೊಂಡು ಡಬ್ಬಿಗೆ ಕಳಿಸ್ತಿತ್ತು, ಡಬ್ಬಿ ಓದ್ತಿತ್ತು. ಕಣ್ಣಿದ್ದವನಿಗೆ ಕಾಣೋದೂ ನಂಗೆ ಕೇಳೋದೂ ಒಂದೇ, ಒಂದಕ್ಷರ ಹೆಚ್ಚು ಕಮ್ಮಿ ಇಲ್ಲ. ಆ ಸಮಾನತೆ ಆಮೇಲೆ ನಂಗೆ ಪೂರ್ತಿ ಸಿಗಲೇ ಇಲ್ಲ ಅಂತ ಈಗಲೂ ಅನ್ಸ್ತದೆ.

ನಾನು ಬಳಸಿದ್ದು ಜಾಸ್ ಅನ್ನೋ ಸ್ಕ್ರೀನ್ ರೀಡರಿನ ಡಾಸ್ ಆವೃತ್ತಿ. ಅದನ್ನ ಶುರು ಮಾಡಿದ ಟೆಡ್ ಹೆಂಟರ್ ಅನ್ನೋರು ಮೋಟರ್‌ಸೈಕಲ್ ರೇಸಿಗೆ ಹೋಗ್ತಿದ್ದವರು, 1978ರಲ್ಲಿ ಕಾರ್ ಆಕ್ಸಿಡೆಂಟಲ್ಲಿ ಕಣ್ಣು ಹೋಯ್ತು, ಆಮೇಲೆ ಪ್ರೋಗ್ರಾಮಿಂಗ್ ಕಲಿತು 1989ರಲ್ಲಿ ಇದನ್ನ ತಂದ್ರು. ತನಗೇ ಬೇಕಾಗಿ ಮಾಡಿದ ಸಾಮಾನು, ಅದಕ್ಕೇ ಗಟ್ಟಿ ಇತ್ತು. ತೊಂದರೆ ಅಂದ್ರೆ ಜಾಗ. ಡಾಸಲ್ಲಿ ಪ್ರೋಗ್ರಾಮಿಗೆ ಸಿಗೋದೇ 640 ಕೆಬಿ, ಅದ್ರಲ್ಲಿ ಸ್ಕ್ರೀನ್ ರೀಡರ್ ಒಂದು ಮೂಲೆ ಹಿಡ್ಕೊಂಡು ಕೂತ್ರೆ, ಸಿ ಪ್ರೋಗ್ರಾಂ ಬರೆಯೋ ಟರ್ಬೊ ಸಿ ಮುಖ ಗಂಟಿಕ್ತಿತ್ತು. ಕಾನ್ಫಿಗ್ ಡಾಟ್ ಸಿಸ್ ಫೈಲಲ್ಲಿ ಯಾವುದನ್ನ ಮೇಲಿನ ಮೆಮೊರಿಗೆ ಹತ್ತಿಸೋದು ಯಾವುದನ್ನ ಕೆಳಗೆ ಬಿಡೋದು ಅಂತ ರಾತ್ರಿ ಎಲ್ಲ ಕೂರೋದು, ಬೆಳಗ್ಗೆ 3 ಕೆಬಿ ಉಳಿತಾಯ ಆದ್ರೆ ತೋಟದಲ್ಲಿ ಮೂರು ಕ್ವಿಂಟಲ್ ಹೆಚ್ಚು ಅಡಿಕೆ ಬಂದಷ್ಟು ಖುಷಿ. ಹುಡುಗನಿಗೆ ಇದನ್ನ ಹೇಳಿದ್ರೆ "3 ಕೆಬಿಗಾ?" ಅಂತ ನಕ್ಕ. ನಗ್ಲಿ.

ಟರ್ಬೊ ಸಿ ನೀಲಿ ಪರದೆ ಎಲ್ಲರಿಗೂ ನೆನಪಿದೆ, ನಂಗೆ ಅದು ನೀಲಿ ಅಂತ ಯಾರೋ ಹೇಳಿದ್ದು ಮಾತ್ರ ನೆನಪು. ಆ ಮೆನು, ಒಂದರ ಮೇಲೊಂದು ಬೀಳೋ ಕಿಟಕಿ ಎಲ್ಲ ಕಿವಿಗೆ ಗೊಂದಲ. ನಾನು ಬೇರೆ ಎಡಿಟರಲ್ಲಿ ಬರೆದು, ಕಮಾಂಡ್ ಲೈನಲ್ಲಿ ಟಿಸಿಸಿ ಅಂತ ಹೊಡೆದು ಕಂಪೈಲ್ ಮಾಡ್ತಿದ್ದೆ. ತಪ್ಪಿದ್ರೆ ಸಾಲಿನ ನಂಬರ್ ಸಮೇತ ಅಕ್ಷರದಲ್ಲಿ ಬಂದು ಬೀಳ್ತಿತ್ತು, ಡಬ್ಬಿ ಅದೇ ಮೂಗುದನೀಲಿ "ಸ್ಟೇಟ್‌ಮೆಂಟ್ ಮಿಸ್ಸಿಂಗ್ ಸೆಮಿಕೋಲನ್" ಅಂತಿತ್ತು. ಬೈಯೋದರಲ್ಲೂ ಎಷ್ಟು ಸಭ್ಯತೆ! ಅದಕ್ಕೂ ಮುಂಚೆ ಜಿಡಬ್ಲ್ಯೂ ಬೇಸಿಕ್ ಕಲಿತಾಗ ಇನ್ನೂ ಸುಲಭ ಇತ್ತು, ಪ್ರತಿ ಸಾಲಿಗೂ 10, 20, 30 ಅಂತ ನಂಬರ್ ಇರ್ತಿತ್ತಲ್ಲ, ಆ ನಂಬರನ್ನ ಕಂಪ್ಯೂಟರ್ ಪಂಡಿತರೆಲ್ಲ ಆಡ್ಕೊಂಡು ನಗ್ತಾರೆ, ನಮ್ಮಂಥವರಿಗೆ ಅದೇ ಮೈಲುಗಲ್ಲು, ಎಲ್ಲಿದ್ದೀನಿ ಅಂತ ಕೇಳದೇ ಗೊತ್ತಾಗ್ತಿತ್ತು. ಪುಸ್ತಕ ಮಾತ್ರ ಇರಲಿಲ್ಲ. ಗೆಳೆಯ ಒಬ್ಬ ಮ್ಯಾನ್ಯುವಲ್ ಓದಿ ಕ್ಯಾಸೆಟ್ಟಿಗೆ ತುಂಬಿಸ್ತಿದ್ದ, ಕರ್ಲಿ ಬ್ರಾಕೆಟ್ ಬಂದಾಗಲೆಲ್ಲ "ಮೀಸೆ ಓಪನ್, ಮೀಸೆ ಕ್ಲೋಸ್" ಅಂತ ಓದ್ತಿದ್ದ. ಈಗಲೂ ನಂಗೆ ಅದು ಮೀಸೆನೇ.

ಇನ್ನು ಯಂತ್ರದ್ದೇ ಸದ್ದು. ಫ್ಲಾಪಿ ಹಾಕಿದ್ರೆ ಗರ್ ಗರ್ ಅಂತ ಓದೋದು ಒಂದು ತಾಳ, ಅದೇ ಜಾಗದಲ್ಲಿ ಕ್ರಕ್ ಕ್ರಕ್ ಅಂತ ಮೂರು ನಾಲ್ಕು ಸಲ ಎಳೆದ್ರೆ ಡಿಸ್ಕಲ್ಲಿ ಬೂಸ್ಟು ಬಂದಿದೆ ಅಂತ ಡಬ್ಬಿ ಬಾಯಿ ಬಿಡೋಕೂ ಮುಂಚೆ ಗೊತ್ತಾಗ್ತಿತ್ತು. ಹಾರ್ಡ್ ಡಿಸ್ಕ್ ಕೆರೆಯೋದು ನಿಂತ್ರೆ ಕಂಪೈಲ್ ಮುಗೀತು. ಪಕ್ಕದಲ್ಲಿ ಅಪ್ಪಯ್ಯನ ಟ್ರಾನ್ಸಿಸ್ಟರ್ ಇರ್ತಿತ್ತು, ಧಾರವಾಡ ಸ್ಟೇಷನ್ನಿಂದ ಮುಳ್ಳು ಸ್ವಲ್ಪ ಆಚೆ ತಿರುಗಿಸಿಟ್ರೆ ಕಂಪ್ಯೂಟರ್ ಎಂತ ಮಾಡ್ತಿದೆ ಅನ್ನೋದು ರೇಡಿಯೋದಲ್ಲೇ ಗುಂಯ್ ಅಂತ ಕೇಳ್ತಿತ್ತು, ಯಾಕಂದ್ರೆ ಪ್ರೊಸೆಸರ್ ಓಡುವಾಗ ಅದರ ತಂತಿಗಳಿಂದ ಹೊರಡೋ ಅಲೆ ಮೀಡಿಯಂ ವೇವಿಗೆ ಸಿಕ್ಕಿಹಾಕ್ಕೊಳ್ತದೆ. ಲೂಪ್ ಮುಗೀದೆ ಅಲ್ಲೇ ಗಿರಕಿ ಹೊಡೀತಿದ್ರೆ ಒಂದೇ ಶ್ರುತಿ, ಎದ್ದು ಹೋಗಿ ಊಟ ಮಾಡಿ ಬಂದ್ರೂ ಅದೇ ಶ್ರುತಿ ಇದ್ರೆ ಕಂಟ್ರೋಲ್ ಸಿ. ಅಪ್ಪಯ್ಯ ಪ್ರದೇಶ ಸಮಾಚಾರದ ಹೊತ್ತಿಗೆ ಬಂದು ಮುಳ್ಳು ವಾಪಸ್ ತಿರುಗಿಸ್ತಿದ್ದ, ನನ್ನ ಡಿಬಗ್ಗಿಂಗ್ ಅಲ್ಲಿಗೆ ಬಂದ್.

ಸರಿ, ರಿಪೇರಿ ಕಥೆ. ಮದರ್‌ಬೋರ್ಡ್ ಮೇಲೆ ಪೀಪಾಯಿ ಥರದ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇರ್ತದೆ, ಅದು ಸೋರಿ ಪಕ್ಕದ ತಾಮ್ರದ ಗೆರೆ ತಿಂದಿತ್ತು. ಆ ಕಾಲದ ಬೋರ್ಡುಗಳು ಸಾಯೋದೇ ಹೆಚ್ಚಾಗಿ ಈ ರೋಗಕ್ಕೆ. ಸೋರಿದ್ದು ಕ್ಷಾರ, ಹುಡುಗ ವಿನೆಗರ್ ಹಾಕಿ ತಿಕ್ಕಿ ತೊಳ್ದ, ಹೋದ ಗೆರೆಗೆ ಕೂದಲಿನಷ್ಟು ತಂತಿ ಬೆಸೆದ, ಬ್ಯಾಟರಿ ಬದಲು ಟಾರ್ಚ್ ಸೆಲ್ ಮೂರು ಹಾಕೋ ಡಬ್ಬಿ ಹೊರಗೆ ಇಟ್ಟ, ಇನ್ಮೇಲೆ ಸೋರಿದ್ರೂ ಬೋರ್ಡಿಗೆ ತಾಗಲ್ಲ. ಇದು ಒಳ್ಳೆ ಕೆಲಸ, ದುಡ್ಡು ಕೊಟ್ಟದ್ದಕ್ಕೆ ಅಡ್ಡಿಲ್ಲ.

ಆಮೇಲೆ ಒಂದು ದಿನ ಮಧ್ಯಾಹ್ನ ಫೋನ್. "ಅಣ್ಣಾ ಆನ್ ಆಗ್ತದೆ, ಪರದೇಲಿ ಎಂತ ಬರ್ತಾ ಇಲ್ಲ, ಕುಂಯ್ ಕುಂಯ್ ಅಂತದೆ ಅಷ್ಟೇ." ಫೋನನ್ನ ಸ್ಪೀಕರ್ ಹತ್ರ ಹಿಡಿ ಅಂದೆ. ಒಂದು ಉದ್ದ, ಎರಡು ಗಿಡ್ಡ. ಆನ್ ಮಾಡಿದ ಕೂಡಲೇ ಮೊದಲು ಏಳೋ ಪ್ರೋಗ್ರಾಂ ಬಯೋಸ್, ಅವಾರ್ಡ್ ಕಂಪನಿ ಬಯೋಸಲ್ಲಿ ಹಾಗೆ ಕೂಗಿದ್ರೆ ಡಿಸ್ಪ್ಲೇ ಕಾರ್ಡ್ ತೊಂದ್ರೆ, ತೆಗೆದು ಕಾಲು ಒರೆಸಿ ಮತ್ತೆ ಒತ್ತಿ ಕೂರಿಸು ಅಂದೆ. ಐದು ನಿಮಿಷಕ್ಕೆ ವಾಪಸ್ ಫೋನ್, "ಬಂತು ಅಣ್ಣಾ! ನೀವು ನೋಡದೇ ಹೆಂಗೆ ಹೇಳಿದ್ರಿ?" ಕಣ್ಣಿದ್ದವರಿಗೆ ಪರದೆ ಕೆಟ್ಟಾಗ ಮಾತ್ರ ಕಂಪ್ಯೂಟರ್ ಕೂಗೋದು ಕೇಳ್ಸ್ತದೆ, ನಾವು ಯಾವಾಗಲೂ ಅದನ್ನೇ ಕೇಳ್ತಾ ಇದ್ದವರು ಅಂದೆ. ಸ್ವಲ್ಪ ಜಂಬ ಕೊಚ್ಚಿದೆ ಅಂತ ಆಮೇಲೆ ಅನ್ನಿಸ್ತು.

ನಿಜವಾದ ಕಗ್ಗಂಟು ಮುಂದೆ ಇತ್ತು. ಬ್ಯಾಟರಿ ಸತ್ತಾಗ ಹಾರ್ಡ್ ಡಿಸ್ಕಿನ ಅಳತೆ ಕೂಡ ಮರೆತು ಹೋಗಿರ್ತದೆ, ಸಿಲಿಂಡರ್ ಎಷ್ಟು ಹೆಡ್ ಎಷ್ಟು ಸೆಕ್ಟರ್ ಎಷ್ಟು ಅಂತ ಬಯೋಸಲ್ಲಿ ಕೈಯಾರೆ ತುಂಬಬೇಕು. ಡಿಸ್ಕ್ ಮೇಲಿನ ಚೀಟಿ ಬೂಸ್ಟಿಗೆ ಹೋಗಿತ್ತು. ಬಯೋಸ್ ಪರದೆ ಅಂದ್ರೆ ನಮಗೆ ಮೊದಲಿಂದ ಮುಚ್ಚಿದ ಬಾಗಿಲು, ಸ್ಕ್ರೀನ್ ರೀಡರ್ ಹುಟ್ಟೋದೇ ಅದಾದ ಮೇಲೆ, ಈಗಿನ ಲ್ಯಾಪ್‌ಟಾಪಲ್ಲೂ ಹೆಚ್ಚುಕಮ್ಮಿ ಅದೇ ಕಥೆ. ಅದಕ್ಕೇ 1994ರಲ್ಲೇ ನಾನೊಂದು ಬುದ್ಧಿವಂತಿಕೆ ಮಾಡಿದ್ದೆ, ಮಾಡಿದ್ದು ಮರೆತೂ ಹೋಗಿತ್ತು. ಅಂಗಡೀಲಿ ಕ್ಯಾಬಿನೆಟ್ ಒಳಗೋಡೆ ಮೇಲೆ ಸುಮ್ನೆ ಕೈ ಆಡಿಸ್ತಾ ಇದ್ದಾಗ ದಪ್ಪ ಕಾಗದ ಸಿಕ್ತು, ಅಂಟಿಸಿದ್ದು, ಮೇಲೆ ಚುಕ್ಕಿ. ಬ್ರೈಲ್. ನನ್ನದೇ ಕೈ, ಸ್ಲೇಟು ಸ್ಟೈಲಸ್ಸಲ್ಲಿ ಕುಟ್ಟಿದ್ದು. ನಾನು ಬೆರಳಲ್ಲಿ ಓದ್ತಾ ಹೋದೆ, 1010 ಸಿಲಿಂಡರ್, 12 ಹೆಡ್, 55 ಸೆಕ್ಟರ್, ಅವನು ಪರದೇಲಿ ತುಂಬ್ತಾ ಹೋದ. ಅಂಗಡೀಲಿ ಮೊಬೈಲ್ ಕವರ್ ತಗೊಳ್ಳೋಕೆ ಬಂದವರೆಲ್ಲ ಮಾತು ನಿಲ್ಲಿಸಿದ್ರು, ಅಷ್ಟು ಹೊತ್ತು ಕಿರುಚ್ತಿದ್ದ ಟಿವಿನೂ ಯಾರೋ ಸಣ್ಣ ಮಾಡಿದ್ರು. (ಟಿವಿ ಬಗ್ಗೆ ದೂರಿದೆ, ಕಿವಿಯಲ್ಲೇ ಬದುಕೋ ಗಿರಾಕಿ ಬಂದಾಗಾದ್ರೂ ಸಣ್ಣ ಇಡಬೇಕು.)

ಮತ್ತೆ ಆನ್ ಮಾಡ್ದ. ಡಿಸ್ಕ್ ತಿರುಗೋಕೆ ಶುರು ಆಯ್ತು, ಕೆಳಗಿಂದ ಮೇಲಕ್ಕೆ ಏರೋ ಆ ಶಿಳ್ಳೆ, ರ‍್ಯಾಮ್ ಎಣಿಸೋ ಟಿಕ್ ಟಿಕ್ ಟಿಕ್, ಫ್ಲಾಪಿ ಒಂದು ಸಲ ಗೊರ್, ಒಂದು ಗಿಡ್ಡ ಬೀಪ್. ಆಮೇಲೆ ಸುಮಾರು ಹೊತ್ತು ಎಂತದೂ ಇಲ್ಲ. ನಾನು ಉಸಿರು ಬಿಗಿಹಿಡ್ಕೊಂಡಿದ್ದೆ. ಡಬ್ಬಿ ಅದೇ ಥಂಡಿ ಆದ ಮೂಗಲ್ಲಿ "ಸಿ ಕೋಲನ್ ಬ್ಯಾಕ್‌ಸ್ಲಾಶ್ ಗ್ರೇಟರ್" ಅಂತು. ಆಯಿ ಇದ್ದಿದ್ರೆ ಕಷಾಯ ಇಡ್ತಿದ್ಳು.

ಆ ದನಿ ಚೆನ್ನಾಗಿದೆಯಾ ಅಂತ ಕೇಳಿದ್ರೆ ಇಲ್ಲ. ಆ ಕಾಲದ ಮಾತಾಡೋ ಡಬ್ಬಿಗಳಲ್ಲಿ ದೊಡ್ಡ ಹೆಸರು ಡೆಕ್‌ಟಾಕ್, ಡೆನಿಸ್ ಕ್ಲಾಟ್ ಅನ್ನೋ ವಿಜ್ಞಾನಿ ತನ್ನದೇ ದನಿ ಆಧಾರ ಇಟ್ಕೊಂಡು ಮಾಡಿದ 'ಪರ್ಫೆಕ್ಟ್ ಪಾಲ್' ಅದರೊಳಗಿತ್ತು, ಸ್ಟೀಫನ್ ಹಾಕಿಂಗ್ ದನಿ ಅಂತ ಜಗತ್ತು ಕೇಳಿದ್ದೂ ಕ್ಲಾಟ್ ಕೆಲಸದಿಂದಲೇ ಬಂದಿದ್ದು. ಅದನ್ನ ಕೊಳ್ಳೋ ತಾಕತ್ತು ನಮಗೆಲ್ಲಿ. ನಂದು ಬಡವರ ಡಬ್ಬಿ. ಆದ್ರೆ ಕೀ ಒತ್ತಿದ ಕ್ಷಣ ಉತ್ತರ, ಬಾಯಿ ಮುಚ್ಚು ಅಂದ್ರೆ ಅಲ್ಲೇ ಮುಚ್ತದೆ. ಈಗಿನ ಎಐ ದನಿಗಳು ಮನುಷ್ಯರ ಥರ ಉಸಿರೆಳೆದು ಮಾತಾಡ್ತವೆ, ಕೋಡ್ ಓದೋಕೆ ನಂಗೆ ಉಸಿರು ಬೇಡ, ಸ್ಪೀಡ್ ಬೇಕು. ಈಗ ದಿನಾ ಬಳಸೋದು ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್, 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಅನ್ನೋ ಕಣ್ಣಿಲ್ಲದ ಹುಡುಗ ಶುರು ಮಾಡಿದ್ದು, ಪುಕ್ಕಟೆ, ಅದರ ಬಗ್ಗೆ ತಕರಾರಿಲ್ಲ. ಅದರೊಳಗಿನ ಇಸ್ಪೀಕ್ ದನಿ ಕನ್ನಡ ಓದೋದು ಕೇಳಿ ಮನೆಗೆ ಬಂದವರು ಮುಖ ಸಿಂಡರಿಸ್ತಾರೆ, ನಂಗೆ ಅದೇ ಸಲೀಸು, ಡಬ್ಬಿ ಕೇಳಿ ಬೆಳೆದ ಕಿವಿ.

ಮಧ್ಯೆ ಒಂದು ಕೆಟ್ಟ ಕಾಲ ಬಂತು, ಅದನ್ನೂ ಹೇಳ್ಬೇಕು. 1995 ಆಗಸ್ಟಲ್ಲಿ ವಿಂಡೋಸ್ 95 ಬಂತು, ಪರದೆ ಪೂರ್ತಿ ಚಿತ್ರ ಆಗೋಯ್ತು, 4000 ಬೈಟಿನ ಆ ಗಂಟಲ್ಲಿ ಕೈ ಹಾಕಿ ಅಕ್ಷರ ತೆಗೆಯೋ ಆಟ ಮುಗೀತು. ಬೆಂಗಳೂರಲ್ಲಿ ಡಾಸ್ ಮೇಲೆ ಕೆಲಸ ಕಲಿತ ನಮ್ಮಂಥವರಿಗೆಲ್ಲ ಕಾಲಡಿ ಮೆಟ್ಟಿಲು ತೆಗೆದ ಹಾಗೆ. ಜಾಸ್ ವಿಂಡೋಸ್ ಆವೃತ್ತಿ ಅದೇ ವರ್ಷ ಬಂದಿತ್ತು ನಿಜ, ಆದ್ರೆ ಪರದೆ ಮೇಲೆ ಯಾರ‍್ಯಾರು ಎಂತ ಬಿಡಿಸ್ತಾರೆ ಅಂತ ಕದ್ದು ಕೇಳಿಸ್ಕೊಂಡು ತನ್ನದೇ ನಕ್ಷೆ ಬರ್ಕೊಳ್ಳೋ ಕೆಲಸ ಅದಕ್ಕೆ, ಒಂದು ತಪ್ಪಿದ್ರೆ ಗೋವಿಂದ. ಆಗ ಧೈರ್ಯ ಕೊಟ್ಟದ್ದು ಪುಣೆಯಲ್ಲಿ ಬೆಳೆದ ಟಿ.ವಿ. ರಾಮನ್ ಸುದ್ದಿ. ಹದಿನಾಲ್ಕಕ್ಕೆ ಗ್ಲಾಕೋಮಾದಲ್ಲಿ ಕಣ್ಣು ಹೋದವರು, ಐಐಟಿ ಬಾಂಬೆ ಮುಗಿಸಿ ಕಾರ್ನೆಲಲ್ಲಿ ಡಾಕ್ಟರೇಟ್ ಮಾಡಿ, ಅದೇ 1995ರಲ್ಲಿ ಇಮ್ಯಾಕ್ಸ್ ಎಡಿಟರಿಗೆ ಮಾತು ಕೊಡೋ ಇಮ್ಯಾಕ್‌ಸ್ಪೀಕ್ ಬಿಟ್ರು. ಕಣ್ಣಿದ್ದವರಿಗೆ ಕೋಡಲ್ಲಿ ಕಾಮೆಂಟ್ ಒಂದು ಬಣ್ಣ ಕೀವರ್ಡ್ ಒಂದು ಬಣ್ಣ, ಇದರಲ್ಲಿ ಬಣ್ಣದ ಬದಲು ದನಿ ಬದಲಾಗ್ತದೆ. ಅದೇ ವರ್ಷ ಆಗಸ್ಟ್ 15ಕ್ಕೆ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಜನರಿಗೆ ಇಂಟರ್ನೆಟ್ ಶುರು ಮಾಡ್ತು, ಅದರ ಶೆಲ್ ಅಕೌಂಟ್ ಅಂದ್ರೆ ಬರೀ ಅಕ್ಷರ, ಲಿಂಕ್ಸ್ ಬ್ರೌಸರ್. ಚಿತ್ರ ಕಾಣ್ದೇ ಪಾಪ ಎಲ್ಲರೂ ಬೇಜಾರು ಮಾಡ್ಕೊಳ್ತಿದ್ರು, ನಮ್ಮ ಡಬ್ಬಿಗೆ ಮಾತ್ರ ಹಬ್ಬ.

ಅಂಗಡಿಗೆ ವಾಪಸ್ ಬರೋಣ, ದೂರುಗಳು ಬಾಕಿ ಇವೆ. ನಾಲ್ಕು ದಿನ ಅಂದದ್ದು ಐದು ವಾರ ಆಯ್ತು. ಒಂದ್ಸಲ ಮದುವೆಗೆ ಹೋಗಿದ್ದ, ಒಂದ್ಸಲ ಮನೇಲಿ ಕೊನೆಕೊಯ್ಲು, ಅದು ಬಿಡಿ ನಮ್ಮನೇಲೂ ಅದೇ. ಇನ್ನೊಂದು, ಎಸ್ಟಿಮೇಟ್ ಬಿಲ್ಲನ್ನ ವಾಟ್ಸಪ್ಪಲ್ಲಿ ಕಳಿಸ್ದ, ವರ್ಡ್ ಫೈಲು, ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು. ಯೂನಿಕೋಡ್ ಅಲ್ಲದ ಆ ಫಾಂಟಲ್ಲಿ ಕಣ್ಣಿಗೆ ಕನ್ನಡ ಕಂಡ್ರೂ ಒಳಗಿರೋದು ಇಂಗ್ಲಿಷ್ ಅಕ್ಷರ, ಚಿಹ್ನೆ. 'ಕನ್ನಡ' ಅಂತ ಬರೆದಿದ್ರೆ ಸ್ಕ್ರೀನ್ ರೀಡರ್ "ಪಿ, ಎ ಗ್ರೇವ್, ಪೌಂಡ್" ಅಂತ ಶುರು ಮಾಡ್ತದೆ. ಬಿಲ್ ತುಂಬ ಪೌಂಡ್ ಪೌಂಡ್ ಕೇಳಿ ಲಂಡನ್ನಿಂದ ಬಂತೋ ಅಂದ್ಕೊಂಡೆ. ಫೋನ್ ಮಾಡಿ ಹೇಳಿದ ಮೇಲೆ ಮುಂದಿನದು ಯೂನಿಕೋಡಲ್ಲಿ ಬಂತು, ಆದ್ರೆ ನಮ್ಮ ಎಷ್ಟೋ ಕಾಗದಪತ್ರ ಈಗಲೂ ಪೌಂಡಲ್ಲೇ ಇದಾವೆ.

ಇನ್ನೊಂದು ಸಲಹೆ ಕೊಟ್ಟ, ಹಳೇ ಹಾರ್ಡ್ ಡಿಸ್ಕ್ ತೆಗೆದು ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡ್ ಹಾಕೋಣ, ಸದ್ದೇ ಇರಲ್ಲ ಅಂತ. ಸದ್ದಿಲ್ಲದಿದ್ರೆ ನಂಗೆ ಅದು ಸತ್ತಂಗೆ ಅಂದೆ. ಕಾರ್ಡಿಗೆ ಕಾಪಿ ಮಾಡಿಸ್ಕೊಂಡೆ, ಡಿಸ್ಕನ್ನ ಅಲ್ಲೇ ಬಿಟ್ಟೆ.

ಕೊಡೋ ದಿನ ಕೂತು ಫೈಲ್ ಪಟ್ಟಿ ಕೇಳಿದೆ. ಅಡಿಕೆ ಡಾಟ್ ಸಿ ಅಂತ ಒಂದಿತ್ತು. ಅಪ್ಪಯ್ಯನಿಗೆ ಮಾಡಿಕೊಟ್ಟಿದ್ದು, ಚಾಲಿ ಎಷ್ಟು ರಾಶಿ ಎಷ್ಟು ಬೆಟ್ಟೆ ಎಷ್ಟು, ಕ್ವಿಂಟಲ್ ದರ ಹಾಕಿದ್ರೆ ಕೂಲಿ ಸಾಗಣೆ ಕಳೆದು ಕೈಗೆ ಬರೋದು ಎಷ್ಟು ಅಂತ ಹೇಳೋ ಪ್ರೋಗ್ರಾಂ. ಹುಡುಗನ ಎದುರು ಗತ್ತಲ್ಲಿ ಓಡಿಸಿದೆ. ಲೆಕ್ಕ ಸರಿ ಬಂತು, ಆಮೇಲೆ ಡಬ್ಬಿ ತಾರೀಕು ಓದ್ತು, ಇಸವಿ 19125. ಸಿ ಭಾಷೆ ಇಸವಿಯನ್ನ 1900ರಿಂದ ಎಣಿಸಿ ಕೊಡ್ತದೆ, ನಾನು ಮುಂದೆ ಸುಮ್ನೆ 19 ಅಂಟಿಸಿದ್ದೆ, 1999ರವರೆಗೆ ಸರಿ, ಆಮೇಲೆ ಹಿಂಗೆ. ಬೆಂಗಳೂರಲ್ಲಿ ಎರಡು ವರ್ಷ ವೈಟುಕೆ, ಅಂದ್ರೆ 2000 ಇಸವಿ ಬಂದಾಗ ತಾರೀಕು ತಪ್ಪೋ ತೊಂದ್ರೆ ಅಂತ ಬೇರೆಯವರ ಕೋಡಲ್ಲಿ ಇಂಥದ್ದೇ ತಪ್ಪು ಹೆಕ್ಕಿ ಹೆಕ್ಕಿ ಸಂಬಳ ತಗೊಂಡವನು ನಾನು! ಹುಡುಗನಿಗೆ ನಗು ತಡೆಯೋಕಾಗಲಿಲ್ಲ, ನಂಗೂ. ಅಲ್ಲೇ ಕೂತು ಸರಿ ಮಾಡ್ದೆ, ಟಿಸಿಸಿ ಹೊಡ್ದೆ, "ಸ್ಟೇಟ್‌ಮೆಂಟ್ ಮಿಸ್ಸಿಂಗ್ ಸೆಮಿಕೋಲನ್" ಅಂತು.

ಎಲ್ಲ ಸೇರಿ 1,850 ರೂಪಾಯಿ. ಹೆಚ್ಚಲ್ಲ. ದುಡ್ಡು ಹಾಕ್ತಾ, ಮೆತ್ತಿ ಮೇಲೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಒಂದಿದೆ, ರಿಬ್ಬನ್ ಒಣಗಿದೆ, ಮುಂದಿನ ತಿಂಗಳು ತರ್ಲಾ ಅಂತ ಕೇಳ್ದೆ. ಹುಡುಗ ಮಾತೇ ಆಡಲಿಲ್ಲ. ಗಲ್ಲಾ ಪಕ್ಕದ ಪೇಮೆಂಟ್ ಡಬ್ಬಿ ಮಾತ್ರ ಗಟ್ಟಿಯಾಗಿ ಸಾವಿರದ ಎಂಟುನೂರ ಐವತ್ತು ರೂಪಾಯಿ ಬಂತು ಅಂತ ಹೇಳ್ತು.